ಮೂವರ ನಡುವಿನ ದರ

ಬಟ್ಟೆಯಲ್ಲಿ ಸುತ್ತಿದ ದಪ್ಪ ರಿಜಿಸ್ಟರನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ದರದಮ್ಮ ಕೋರ್ಟಿನ ಹೊರಗಿನ ಬೆಂಚಿನಲ್ಲಿ ಕೂತಿದ್ದಳು. ಬೆಳಗ್ಗೆಯಿಂದ ಮೂರು ಸಲ ಬಚ್ಚಲಿಗೆ ಹೋಗಿ ಬಂದಾಗಿತ್ತು. 

"ಅಮ್ಮಾ, ನೀನೇನು ಕೊಲೆ ಮಾಡಿದೀಯಾ?" ಮಗಳು ನೀರಿನ ಬಾಟಲಿಯ ಮುಚ್ಚಳ ತಿರುವಿ ಕೊಟ್ಟಳು. "ಇದು ನಿಮ್ಮ ಕೈಬರಹವಾ ಅಂತಾರೆ, ಹೌದು ಅಂತೀಯ, ಮನೆಗೆ ಹೋಗ್ತೀವಿ. ಅಷ್ಟಕ್ಕೆ ಹೀಗೆ ನಡುಗೋದಾ?"

"ನಡುಗ್ತಿಲ್ಲ ಕಣೇ. ಚಳಿ."

"ಈ ಸೆಕೇಲಿ!"

ಮೂವತ್ತು ವರ್ಷ ಹಣಕಾಸು ಕಚೇರಿಯಲ್ಲಿ ದರ ಬರೆದವಳಿಗೆ ದರದಮ್ಮ ಎಂದಲ್ಲದೆ ಇನ್ನೇನು ಹೆಸರು ಅಂಟೀತು! ನದಿಯ ಈಚೆ ಒಂದು ದೇಶ, ಆಚೆ ಇನ್ನೊಂದು. ಎರಡೂ ಅಂಗೈಯಗಲದವು, ಎರಡಕ್ಕೂ ತಮ್ಮ ನೋಟೆಂದರೆ ಭಾರಿ ಹೆಮ್ಮೆ. ದಿನಾ ಹತ್ತೂವರೆಗೆ ಅವಳು ಸೇತುವೆಯ ಮೆಟ್ಟಿಲ ಬಳಿ ಹೋಗಬೇಕು. ನೋಟು ಬದಲಿಸುವ ಮೂವರು ಅಲ್ಲಿ ಕೂತಿರುತ್ತಾರೆ: ಕನ್ನಡಕದವನು, ಗಡ್ಡದವನು, ಕೆಮ್ಮುವ ಮುದುಕ. ಆಚೆಯ ಒಂದು ನೋಟಿಗೆ ನಮ್ಮವು ಎಷ್ಟು ನೋಟು, ಎಷ್ಟು ಕಾಸು ಎಂದು ಮೂವರನ್ನೂ ಕೇಳಿ ಬರೆದುಕೊಂಡು, ನಡುವಿನದನ್ನು ಆ ದಿನದ ದರವೆಂದು ಕೆಂಪು ಶಾಯಿಯಲ್ಲಿ ಬರೆಯಬೇಕು. ಮೂವರೂ ಒಂದೇ ಮಾತಾಡಿದ್ದನ್ನು ಅವಳು ಕಂಡವಳಲ್ಲ. ಮುದುಕನ ದರವಂತೂ ಒಂದು ಕೆಮ್ಮಿನಿಂದ ಇನ್ನೊಂದು ಕೆಮ್ಮಿಗೆ ಬದಲಾಗುತ್ತಿತ್ತು. ರಜಾ ದಿನವಾದರೆ ಹಿಂದಿನ ದಿನದ ಸಾಲನ್ನೇ ಇಳಿಸಿ, ಅಂಚಿನಲ್ಲಿ ಸಣ್ಣದೊಂದು ಸೊನ್ನೆ ಸುತ್ತುವುದು ಕಚೇರಿಯ ಪದ್ಧತಿ.

ಹದಿನಾಲ್ಕು ವರ್ಷದ ಹಿಂದಿನ ಒಂದು ಮಂಗಳವಾರದ ಸಾಲಿಗೆ ಆ ಸೊನ್ನೆ ಇರಲಿಲ್ಲ.

ಆ ದಿನ ಮಗಳಿಗೆ ಒಂಬತ್ತು ವರ್ಷ. ಜ್ವರ ನೆತ್ತಿಗೇರಿ ಕಣ್ಣು ಮೇಲೆ ಮಾಡಿದ್ದಳು. ಗಂಡ ಹಡಗಿನಲ್ಲಿ ದೂರ. ರಜೆಯೆಲ್ಲ ಮುಗಿದಿತ್ತು. ಪಕ್ಕದ ಮೇಜಿನವಳು ಹಾಜರಿಗೆ ಸಹಿ ಹಾಕಿ ಕಾಪಾಡಿದಳು. ಮರುದಿನ ದರದಮ್ಮ ಬಂದು ಸೋಮವಾರದ ಸಾಲನ್ನೇ ಮಂಗಳವಾರಕ್ಕೂ ಇಳಿಸಿದಳು. ಸೊನ್ನೆ ಸುತ್ತಿದರೆ ತಾನು ಬಂದಿರಲಿಲ್ಲವೆಂದು ತಾನೇ ಬರೆದುಕೊಟ್ಟಂತೆ, ಸುತ್ತಲಿಲ್ಲ. ಒಂದು ದಿನದಲ್ಲಿ ಏನು ಮಹಾ ಏರುಪೇರು ಎಂದುಕೊಂಡಳು. ಸೇತುವೆ ಮುಚ್ಚುತ್ತಾರಂತೆ ಎಂಬ ಗಾಳಿಸುದ್ದಿಗೆ ಮಂಗಳವಾರ ದರ ಏಳಕ್ಕೆ ಬಿದ್ದು, ಬುಧವಾರ ಮತ್ತೆ ಹನ್ನೆರಡರ ಹತ್ತಿರ ಬಂದು ಕೂತಿತ್ತೆಂದು ಕಿವಿಗೆ ಬೀಳುವಷ್ಟರಲ್ಲಿ, ಪುಟಕ್ಕೆ ಮೇಲಿನವರ ಸಹಿಯಾಗಿ ಹೋಗಿತ್ತು.

ಎದುರು ಬೆಂಚಿನಿಂದ ದೋಣಿ ಕಂಪನಿಯ ಹಳೆಯ ಖಜಾಂಚಿ ಎದ್ದು ಬಂದ. ಒಗೆದು ಒಗೆದು ಸವೆದ ಅಂಗಿ, ಕೊರಳವರೆಗೂ ಗುಂಡಿ. ಅದೇ ಮಂಗಳವಾರ ಕಂಪನಿಯ ಪೆಟ್ಟಿಗೆಯಲ್ಲಿದ್ದ ಆಚೆಯ ನೋಟುಗಳನ್ನು ಬದಲಿಸಿ ತಂದವನು ಇವನು. ನೋಟಿಗೆ ಏಳರಂತೆ ಕಟ್ಟಿದ. ದರ ಹನ್ನೆರಡಿತ್ತು, ಉಳಿದದ್ದನ್ನು ನುಂಗಿದ್ದಾನೆ ಎಂದು ಕಂಪನಿ ಹಾಕಿದ ಮೊಕದ್ದಮೆ ಇಲ್ಲಿಯವರೆಗೂ ಎಳೆದಿತ್ತು.

"ಮೆಟ್ಟಿಲ ಹತ್ರ ಬರ್ತಿದ್ದ ಅಮ್ಮ ನೀವೇ ಅಲ್ವಾ?" ಅವನ ಮುಖ ಅರಳಿತು. "ಆವತ್ತು ನಿಮ್ಮನ್ನ ಬಹಳ ಹುಡುಕಿದೆ, ಸಾಕ್ಷಿಗಿರ್ಲಿ ಅಂತ. ಆ ನೂಕುನುಗ್ಗಲಲ್ಲಿ ಎಲ್ಲಿ ಸಿಕ್ಕಿಹಾಕ್ಕೊಂಡಿದ್ರೋ ಏನೋ."

ದರದಮ್ಮ ಮಗಳತ್ತ ಒಮ್ಮೆ ನೋಡಿದಳು.

"ನಿಮ್ಮ ಕಚೇರಿಯವರು ನಕಲಲ್ಲಿ ಕೆಂಪು ಶಾಯಿಯ ದರ ಅಷ್ಟೇ ಕೊಟ್ಟಿದಾರೆ, ಅದೂ ಹನ್ನೆರಡು ಅಂತ. ನಕಲು ಮಾಡೋನು ತೂಕಡಿಸ್ತಿದ್ದ ಅಂತ ಕಾಣುತ್ತೆ! ಆ ಮೂವರನ್ನ ಕರೆಸೋಣ ಅಂದ್ರೆ ಯಾರೂ ಉಳಿದಿಲ್ಲ. ಅದಕ್ಕೇ ಮೂಲ ಪುಸ್ತಕನೇ ತರಿಸಿ ಅಂತ ನಾನೇ ಅರ್ಜಿ ಹಾಕಿಸ್ದೆ. ನೀವು ಬಂದ್ರಲ್ಲ ತಾಯಿ, ಇನ್ನು ನಂಗೆ ಭಯ ಇಲ್ಲ."

ಅವಳು ರಿಜಿಸ್ಟರಿನ ಗಂಟನ್ನು ಬಿಗಿ ಮಾಡಿದಳು. ಆಗಲೇ ಬಿಗಿಯಾಗಿದ್ದ ಗಂಟು ಅದು.

ಅವನು ಅತ್ತ ಹೋದ ಮೇಲೆ, ಅವಳ ಜೊತೆ ಬಂದಿದ್ದ ಹಣಕಾಸು ಕಚೇರಿಯ ಮೇಲ್ವಿಚಾರಕ ಕಿವಿಯ ಹತ್ತಿರ ಬಗ್ಗಿದ. "ನಿಮ್ಮ ನಿವೃತ್ತಿಗೆ ನಾಲ್ಕೇ ತಿಂಗಳು. ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ. ಸುಳ್ಳು ದಾಖಲೆ ಅಂತ ಏನಾದ್ರೂ ಬಾಯಿಗೆ ಬಂದ್ರೆ ಪಿಂಚಣಿ ಇಲ್ಲ, ಆಮೇಲೆ ನೀವೂ ಇದೇ ಕಟಕಟೇಲಿ."

ಇವನಿಗೆ ಗೊತ್ತೋ? ಸುಮ್ಮನೆ ಹೆದರಿಸಿದನೋ? ಕೇಳುವ ಧೈರ್ಯವಾಗಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಕೂಗಿದರು.

ಕಟಕಟೆಯ ಮರ ಎಷ್ಟೋ ಜನರ ಬೆವರಿಗೆ ನುಣುಪಾಗಿತ್ತು. ಅವಳ ಕೈ ಅದರ ಮೇಲೆ ಜಾರಿತು. ಗಂಟು ಬಿಚ್ಚಲಾಗದೆ ಜವಾನನೇ ಬಿಚ್ಚಿಕೊಟ್ಟ.

"ಕೈಬರಹ ನಿಮ್ಮದೇ?" ಕಂಪನಿಯ ವಕೀಲ ಕೇಳಿದ.

"ಹೌದು."

"ಮಂಗಳವಾರದ ದರ ಓದಿ."

"ಹನ್ನೆರಡು... ಹದಿನೈದು."

"ಸಾಕು. ಇಳೀಬಹುದು."

ಖಜಾಂಚಿ ಇನ್ನೂ ಅವಳತ್ತ ನೋಡಿ ನಗುತ್ತಲೇ ಇದ್ದ. ಮಾತು ಸರಿಯಾಗಿ ಕೇಳಿಸದವನಂತೆ, ಇನ್ನೊಂದು ಸಲ ಹೇಳುತ್ತಾಳೆಂದು ಕಾಯುವವನಂತೆ. ಆ ನಗು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮುಖದ ಮೇಲೆಯೇ ಉಳಿದುಬಿಟ್ಟಿತು.

ಇಳಿಯಲು ಎತ್ತಿದ ಕಾಲನ್ನು ಅವಳು ಹಿಂದಕ್ಕಿಟ್ಟಳು. "ಸ್ವಾಮಿ," ಎಂದಳು. ನ್ಯಾಯಾಧೀಶರತ್ತ ತಿರುಗಿದ್ದಳು. "ಸೋಮವಾರದ್ದನ್ನೂ ಓದಿ. ಮೂವರದ್ದೂ. ಆಮೇಲೆ ಮಂಗಳವಾರದ್ದು, ಮೂವರದ್ದೂ. ಸ್ವಲ್ಪ ಜೋರಾಗಿ."

ಮೇಲ್ವಿಚಾರಕ ಗಂಟಲು ಸರಿಪಡಿಸಿಕೊಂಡ. ಹಿಂದಿನ ಸಾಲಿನಲ್ಲಿ ಮಗಳು ಬಾಟಲಿಯ ಮುಚ್ಚಳವನ್ನು ತಿರುವುವುದು ಬಿಟ್ಟು ತಲೆ ಎತ್ತಿದಳು.

ನ್ಯಾಯಾಧೀಶರು ಪುಸ್ತಕವನ್ನು ಹತ್ತಿರಕ್ಕೆಳೆದು, ಬೇಸರದಿಂದಲೇ ಓದಿದರು. "ಹನ್ನೆರಡು ಹತ್ತು. ಹನ್ನೆರಡು ಹದಿನೈದು. ಹನ್ನೆರಡು ನಲವತ್ತು." ಬೆರಳು ಕೆಳಗಿನ ಸಾಲಿಗಿಳಿಯಿತು. "ಹನ್ನೆರಡು ಹತ್ತು." ತುಸು ತಡೆದು, "ಹನ್ನೆರಡು... ಹದಿನೈದು."

ಮೂರನೆಯದನ್ನು ಅವರು ಬಾಯಿಬಿಟ್ಟು ಓದಲಿಲ್ಲ. ಬೆರಳು ಮೇಲೆ ರಜಾ ದಿನದ ಸಾಲಿನ ಸೊನ್ನೆಯನ್ನು ಮುಟ್ಟಿ, ಮೆಲ್ಲಗೆ ಸರಿದು, ಮಂಗಳವಾರದ ಖಾಲಿ ಅಂಚಿಗೆ ಹೋಗಿ ನಿಂತಿತು.

ಬಾಟಲಿಯ ಮುಚ್ಚಳ ಮಗಳ ಕೈಯಿಂದ ಜಾರಿ, ನೆಲದ ಮೇಲೆ ಉರುಳುತ್ತ ಬಂದು, ಖಜಾಂಚಿಯ ಚಪ್ಪಲಿಗೆ ತಾಗಿ ಮಗುಚಿತು. ಅವನು ಬಗ್ಗಿ ಅದನ್ನೆತ್ತಿಕೊಂಡು, ಅಂಗಿಯ ತುದಿಯಿಂದ ಒರೆಸತೊಡಗಿದ.