ಚೊಕ್ಕ ಮಾಡಿದ ಎಲೆ

ಹತ್ತಿಯ ಹೊಲ ಸುಟ್ಟ ಹೊಗೆಯ ವಾಸನೆ ಅವಳ ಕೂದಲಿನಿಂದ ಇನ್ನೂ ಹೋಗಿರಲಿಲ್ಲ. ಎಷ್ಟು ಸಲ ತಲೆಗೆ ನೀರು ಹಾಕಿಕೊಂಡರೂ ಅಷ್ಟೇ. ಪ್ರಯೋಗಾಲಯದ ಹೊರಗೆ, ಸರದಿಗೆ ಕಾಯುತ್ತಿದ್ದವರ ಬೆಂಚಿನ ತುದಿಯಲ್ಲಿ, ಬಿಳಿ ಗೋಡೆಗೆ ತಲೆ ತಾಗದ ಹಾಗೆ, ಮೈ ಮುದುಡಿಕೊಂಡು ಕುಳಿತಿದ್ದಳು.

ಹೊಲ ಬೀಜದ ಕಂಪನಿಯದು, ಬೀಜವೂ ಅದರದೇ. ಮೈಮುರಿಯುವ ದುಡಿಮೆ ಮಾತ್ರ ಇವಳದು, ಇವಳ ಗಂಡನದು. ಎಲೆಗೆ ಕರಿ ಚುಕ್ಕೆ ಬಿದ್ದು ಕಾಯಿ ಕೊಳೆತಾಗ ಕಂಪನಿಯವರು ಒಂದು ಮಾತು ಹೇಳಿದ್ದರು. ಪರೀಕ್ಷೆಯಲ್ಲಿ ರೋಗಾಣು ಸಿಕ್ಕರೆ ತಪ್ಪು ಬೀಜದ್ದು, ಬೇರೆ ಬೀಜ ಕೊಟ್ಟು ಹೊಲದಲ್ಲೇ ಇರಿಸಿಕೊಳ್ಳುತ್ತೇವೆ. ಸಿಗದಿದ್ದರೆ ತಪ್ಪು ನಿಮ್ಮದು, ಗುಡಿಸಲು ಖಾಲಿ ಮಾಡಿ. ಅವಳು ಹೆದರಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

ಪರೀಕ್ಷೆ ಮಾಡುವ ಹುಡುಗಿ ಹೊರಗೆ ಬಂದಳು. ಮುಖ ಸಪ್ಪಗಿತ್ತು.

"ಅಕ್ಕಾ, ರೋಗಾಣು ಸಿಗಲಿಲ್ಲ."

"ಅದ್ಹೇಗಮ್ಮ? ಗಿಡವೇ ಕೊಳೆತು ಹೋಯ್ತಲ್ಲ!"

"ನಾವು ಎಲೆ ಅರೆದು, ಅದರೊಳಗಿರೋ ರೋಗಾಣುವಿನ ಎಳೆ ಹುಡುಕ್ತೀವಿ. ಒಂದು ಚೂರು ಇದ್ರೂ ಸಾಕು, ಯಂತ್ರ ಅದನ್ನ ಲಕ್ಷಗಟ್ಟಲೆ ಮಾಡಿ ಗೆರೆ ಥರ ಹೊಳೆಸಿ ತೋರಿಸುತ್ತೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಹೆಪ್ಪೇ ಇಲ್ಲದಿದ್ರೆ ಮೊಸರು ಎಲ್ಲಿಂದ ಬರುತ್ತೆ? ನೀವು ತಂದ ಎಲೇಲಿ ಒಂದು ಚುಕ್ಕೆನೂ ಇರ್ಲಿಲ್ಲ. ಬರೀ ತೂತು."

"ಚುಕ್ಕೆ ಕತ್ತರಿಸಿ ತೆಗೆದೆ ಕಣಮ್ಮ. ದೊಡ್ಡೋರ ಕೈಗೆ ಕೊಳೆತದ್ದು ಕೊಡೋಕಾಗುತ್ತಾ? ತೊಳೆದು, ಒರೆಸಿ ತಂದೆ."

"ಅಯ್ಯೋ ಅಕ್ಕಾ! ರೋಗ ಇದ್ದದ್ದೇ ಆ ಚುಕ್ಕೇಲಿ. ಹೋಗಲಿ, ಬೇರೆ ಎಲೆ ತಂದುಕೊಡಿ."

"ಎಲ್ಲಿಂದ ತರಲಿ? ರೋಗ ಹರಡುತ್ತೆ ಅಂತ ಕಂಪನಿಯೋರು ಹೊಲಕ್ಕೇ ಬೆಂಕಿ ಇಟ್ರು."

ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿ ಹಾಕಿಕೊಂಡೆನಲ್ಲ ಎಂದುಕೊಂಡಳು. ಗಂಡನಿಗೆ ಯಾವ ಬಾಯಲ್ಲಿ ಹೇಳುವುದು? ಅಷ್ಟರಲ್ಲಿ ಪಕ್ಕದಲ್ಲಿದ್ದ, ಕಂಪನಿಯ ಇನ್ನೊಂದು ಹೊಲದ ಮುದುಕಿಯ ಮಡಿಲಿನ ಗಂಟು ಕಣ್ಣಿಗೆ ಬಿತ್ತು. ಒದ್ದೆ ಬಟ್ಟೆಯೊಳಗೆ ತೊಳೆದ ಎಲೆಗಳು. ಎಲೆ ತುಂಬ ತೂತು.

"ಅಜ್ಜಿ, ಚುಕ್ಕೆ ಯಾಕೆ ಕತ್ತರಿಸಿದ್ರಿ?"

"ಕಂಪನಿ ಮೇಸ್ತ್ರಿ ಹೇಳಿದ ಮಗಾ. ದೊಡ್ಡೋರ ಕಚೇರಿ, ಚೊಕ್ಕ ಮಾಡಿ ತಗೊಂಡು ಹೋಗಿ ಅಂದ."

ಅವಳಿಗೂ ಅವನೇ ಹೇಳಿದ್ದು. ಎಷ್ಟು ಅಕ್ಕರೆಯಿಂದ ಹೇಳಿದ್ದ, ಒಳ್ಳೆಯ ಕತ್ತರಿಯನ್ನೂ ಕೊಟ್ಟಿದ್ದ! ಬೆಂಚಿನ ಮೇಲಿದ್ದವರೆಲ್ಲ ಒಬ್ಬೊಬ್ಬರಾಗಿ ಗಂಟು ಬಿಚ್ಚಿದರು. ಎಲ್ಲರ ಎಲೆಯೂ ತೂತು.

"ಓಡಿ ಹೋಗಿ, ಕೊಳೆತದ್ದೇ ತನ್ನಿ!" ಎಂದಳು ಅವಳು.

ಯಾರೂ ಏಳಲಿಲ್ಲ. "ನಮ್ದೆಲ್ಲಾನೂ ಇವತ್ತು ಬೆಳಿಗ್ಗೆನೇ ಸುಟ್ರಲ್ಲ," ಎಂದಳು ಮುದುಕಿ.

ಗದ್ದಲ ಕೇಳಿ ಪ್ರಯೋಗಾಲಯದ ಅಧಿಕಾರಿ ಬಾಗಿಲಿಗೆ ಬಂದ. ಅವಳು ಎದ್ದು ನಿಂತಳು.

"ಸ್ವಾಮಿ, ರೋಗ ಇದೆ ಅಂತ ಹೊಲ ಸುಟ್ರು. ರೋಗ ಇಲ್ಲ ಅಂತ ನಮ್ಮನ್ನ ಓಡಿಸ್ತಾರೆ. ಇದರಲ್ಲಿ ಯಾವುದು ನಿಜ?"

"ಎಲೆ ತಂದುಕೊಟ್ರೆ ಪರೀಕ್ಷೆ ಮಾಡೋದಷ್ಟೇ ನಮ್ಮ ಕೆಲಸ. ಸುಟ್ಟದ್ದಕ್ಕೂ ನಮಗೂ ಸಂಬಂಧ ಇಲ್ಲ. ಮುಂದಿನವರು ಬನ್ನಿ."

ಮುದುಕಿ ಇವಳ ಮುಖ ನೋಡಿದಳು. ಆಮೇಲೆ ಕಣ್ಣೊರೆಸಿಕೊಂಡು, ಬೇರೇನೂ ಉಳಿದಿರಲಿಲ್ಲವಾದ್ದರಿಂದ, ಆ ಚೊಕ್ಕ ಎಲೆಗಳನ್ನೇ ಎತ್ತಿಕೊಂಡು ಒಳಗೆ ಹೋದಳು.