ಬರುವ ವರ್ಷದ ಊಟಗಳ ಅಂದಾಜು

ಝಂಫಿರಾ ಅತ್ತಿಗೆಗೆ ಒಳಗೆ ಏನಾದರೂ ಕೊರೆಯತೊಡಗಿದರೆ ಕೈ ಸುಮ್ಮನಿರುವುದಿಲ್ಲ. ಆ ಸೆಪ್ಟೆಂಬರಿನಲ್ಲಿ ತೊಳೆದಿಟ್ಟ ಹಂಡೆಗಳನ್ನೇ ಮತ್ತೆ ತೊಳೆದಳು. ಅಂಗಳದ ಅಕ್ರೋಟು ಮರದ ಎಲೆ ತಾನಾಗಿ ಉದುರಲು ಬಿಡದೆ ಕೊಂಬೆ ಅಲ್ಲಾಡಿಸಿ ಗುಡಿಸಿದಳು. ಅವಳು ತೀರಿಹೋದ ನನ್ನ ಅಣ್ಣನ ಹೆಂಡತಿ. ಇಬ್ಬರದೂ ಒಂದೇ ಅಂಗಳ, ಹಾಗಾಗಿ ಅವಳ ಚಡಪಡಿಕೆ ನನ್ನ ಮನೆಯೊಳಗೂ ಕೇಳಿಸುತ್ತಿತ್ತು.

ಊರಿನ ಶಾಲೆ ಮುಚ್ಚಿದಾಗ ಅದರ ಅಡುಗೆಮನೆಯೂ ಮುಚ್ಚಿ ಅವಳ ಕೆಲಸ ಹೋಗಿತ್ತು. ಆದರೆ ಊರಲ್ಲಿ ಯಾರಾದರೂ ಸತ್ತರೆ ಜನ ಪಾದ್ರಿಯ ಮನೆಗೆ ಹೋದ ಮೇಲೆ ನೇರ ಬರುತ್ತಿದ್ದುದು ಅವಳಲ್ಲಿಗೆ. ಪೊಮಾನಾ ಊಟ, ಅಂದರೆ ಸತ್ತವರ ಹೆಸರಲ್ಲಿ ಊರಿಗೆ ಹಾಕುವ ತಿಥಿ ಊಟ, ಅವಳ ಕೈಯಲ್ಲಿ ಆದರೇ ಆತ್ಮಕ್ಕೆ ಸಮಾಧಾನ ಎಂಬ ನಂಬಿಕೆ ಬಂದುಬಿಟ್ಟಿತ್ತು. ಇದನ್ನೇ ಕಸುಬು ಮಾಡಿಕೊಳ್ಳೋಣ ಎಂದು ಅವಳಿಗೆ ಹೊಳೆಯಿತು. ಹಳ್ಳಿಯಲ್ಲಿ ಹೊಸ ಉದ್ಯಮ ಶುರು ಮಾಡುವವರಿಗೆ ಕ್ರಯೋವಾ ಪಟ್ಟಣದ ಒಂದು ಕಚೇರಿ ಸಹಾಯಧನ ಕೊಡುತ್ತಿತ್ತು. ಯೋಜನೆ ಬರೆದು ಕೊಡಬೇಕು, ಅಷ್ಟೆ.

ಒಲೆ, ಫ್ರಿಜ್ಜು, ಉದ್ದ ಮೇಜುಗಳು, ಪಾತ್ರೆ ತೊಳೆಯಲು ನಾನು, ಎಲ್ಲ ಬರೆದಾಯಿತು. ಒಂದು ಪುಟ ಮಾತ್ರ ಖಾಲಿ ಉಳಿಯಿತು. ಬರುವ ವರ್ಷ ಎಷ್ಟು ಗ್ರಾಹಕರು ಸಿಗುತ್ತಾರೆ, ಯಾವ ಆಧಾರದ ಮೇಲೆ ಹೇಳುತ್ತೀರಿ?

ಕಚೇರಿಯ ಸಲಹೆಗಾರ್ತಿ ಇಲಿಂಕಾ ಚಿಕ್ಕ ಹುಡುಗಿ, ಒಳ್ಳೆಯವಳು. ಅವಳಿಗೆ ಫೋನ್ ಮಾಡಿ ಅತ್ತಿಗೆ ಕೇಳಿದಳು: "ಮೇಡಂ, ಇಲ್ಲಿ ಎಷ್ಟು ಸಾವು ಅಂತ ಬರೀಬೇಕಾ?"

"ಸಾವು ಅಂತ ಬರೀಬೇಡಿ. ಕಾರ್ಯಕ್ರಮ ಅನ್ನಿ."

"ಏನಂದ್ರೂ ಸಾಯೋರು ಸಾಯ್ಲೇಬೇಕಲ್ಲ ಮೇಡಂ."

"ಒಂದು ಅಂದಾಜು ಸಾಕು. ಶುಕ್ರವಾರ ಕೊನೇ ದಿನ."

ನಾನು ಪಾದ್ರಿಯ ಹತ್ತಿರ ಹೋಗಿ ಹಿಂದಿನ ವರ್ಷಗಳ ಲೆಕ್ಕ ಕೇಳಿ ಬಂದೆ. ಅಂಕಿ ಸಿಕ್ಕಿತು. ಅತ್ತಿಗೆ ಪೆನ್ಸಿಲ್ಲಿನಲ್ಲಿ ಬರೆದಳು, ಅಳಿಸಿದಳು.

"ಯಾಕೆ? ಸರಿಯಾಗೇ ಇದೆಯಲ್ಲ," ಅಂದೆ.

"ನಿಂಗೆ ಅದು ಅಂಕಿ, ರುಸಾಂದಾ. ನಂಗೆ ಒಬ್ಬೊಬ್ಬರ ಮುಖ ಬರ್ತದೆ. ಬರೆದ ಮೇಲೆ ಅಷ್ಟು ಜನ ಸಾಯ್ಲಿ ಅಂತ ನಾನು ಕಾಯಬೇಕಾ? ಕಮ್ಮಿ ಸತ್ರೆ ನಷ್ಟ ಅಂತ ಅಳಬೇಕಾ?"

ಅಂದಿನಿಂದ ಮನೆಯಲ್ಲಿ ಕೂರಲಾಗದೆ ಕೈಚೀಲ ಹಿಡಿದು ಬೀದಿ ಸುತ್ತತೊಡಗಿದಳು. ಕೊಳ್ಳುವುದು ಏನೂ ಇಲ್ಲ. ಅಂಗಡಿ ಮುಂದಿನ ಬೆಂಚಿನಲ್ಲಿ ಕೂತ ಮುದುಕರನ್ನು ನೋಡಬಾರದು ಅಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಒಂದು ದಿನ ಪೆತ್ರು ಮಾವ ಕೆಮ್ಮಿದ. ಎಂಬತ್ತು ದಾಟಿದವನು, ಬೆಳಗಾಗುತ್ತಲೇ ಪ್ಲಮ್ ಸಾರಾಯಿ ಏರಿಸುವವನು, ಕೆಮ್ಮು ಅವನಿಗೆ ಹೊಸದಲ್ಲ. ಆದರೂ ಅತ್ತಿಗೆ ಬೆಚ್ಚಿ ನಿಂತುಬಿಟ್ಟಳು. ನಾನು ಪಾದ್ರಿಯ ಹತ್ತಿರ ಲೆಕ್ಕ ಕೇಳಿದ ಸುದ್ದಿ ಬೆಂಚಿಗೆ ಆಗಲೇ ಮುಟ್ಟಿತ್ತು.

"ಏನೇ ಝಂಫಿರಾ, ನನ್ನ ಅಳತೆ ತಗೋತಿದ್ದೀಯಾ?"

"ಅಯ್ಯೋ ಮಾವ, ಬಿಡ್ತು ಅನ್ನು!"

"ಈ ಚಳಿಗಾಲಕ್ಕೆ ಹಾಕ್ಕೊಂಡಿದ್ದೀಯೋ, ಬೇಸಿಗೆಗೋ? ಚಳಿಗಾಲ ಬೇಡ. ನೆಲ ಗಟ್ಟಿ, ಗುಂಡಿ ತೋಡೋರು ನಂಗೇ ಬೈತಾರೆ."

ಬೆಂಚಿಗೆ ಬೆಂಚೇ ನಕ್ಕಿತು. ಅತ್ತಿಗೆ ನಗಲಿಲ್ಲ. ಸಂಜೆಯೊಳಗೆ ಸುದ್ದಿ ಊರೆಲ್ಲ ಹಬ್ಬಿತು: ಝಂಫಿರಾ ಸಾಯುವವರ ಲೆಕ್ಕ ಬರೆದು ಪಟ್ಟಣಕ್ಕೆ ಕಳಿಸುತ್ತಾಳಂತೆ. ಮರುದಿನ ಅವಳನ್ನು ಕಂಡ ಹೆಂಗಸರು ಶಿಲುಬೆಯ ಗುರುತು ಹಾಕಿಕೊಂಡರು. ವೇತಾ ಅಜ್ಜಿಯಂತೂ ಅವಳು ಬರುವುದನ್ನು ಕಂಡು ಗೇಟನ್ನೇ ಹಾಕಿಕೊಂಡಳು.

ಅತ್ತಿಗೆ ಮನೆಗೆ ಬಂದು ಕಾಗದಗಳನ್ನು ಮಡಚಿ ಒಲೆಯ ಪಕ್ಕಕ್ಕೆ ಒಗೆದಳು. "ಸಾಕು. ನಾಳೆ ಆ ಹುಡುಗಿಗೆ ಫೋನ್ ಮಾಡಿ ಬೇಡ ಅಂತೀನಿ. ಮದುವೆ ಊಟ ಅಂತ ಬರೆಯೋಣ ಅಂದ್ರೆ ಈ ಊರಲ್ಲಿ ಮದುವೆ ಆಗೋಕೆ ಯಾರವ್ರೆ, ನೀನಾ ನಾನಾ?"

ಗುರುವಾರ ಬೆಳಿಗ್ಗೆ ವೇತಾ ಅಜ್ಜಿಯೇ ನಮ್ಮ ಅಂಗಳಕ್ಕೆ ನುಗ್ಗಿದಳು. ಕಂಕುಳಲ್ಲಿ ಒಂದು ಹೇಂಟೆ.

"ನನ್ನ ಹೆಸರು ಹಾಕಿದೀಯೇನೇ?"

"ಇಲ್ಲ ಅಜ್ಜಿ, ದೇವರಾಣೆ ಯಾರ ಹೆಸರೂ ಹಾಕಿಲ್ಲ."

"ಯಾಕೆ ಹಾಕಿಲ್ಲ? ನಾನು ಲೆಕ್ಕಕ್ಕಿಲ್ವಾ ನಿಂಗೆ?"

ಅಜ್ಜಿ ಕೋಳಿಯನ್ನು ಅತ್ತಿಗೆಯ ಕೈಗೆ ತುರುಕಿ ಮೆಟ್ಟಿಲ ಮೇಲೆ ಕೂತಳು.

"ನೋಡು, ನಿನ್ನೆಯಿಂದ ನಿದ್ದೆ ಇಲ್ಲ ನಂಗೆ. ನಾನು ಸತ್ರೆ ನನ್ನ ಮಗ ಸ್ಪೇನಿಂದ ವಿಮಾನದಲ್ಲಿ ಬರ್ತಾನೆ, ಮೂರು ದಿನ ಇದ್ದು ಓಡ್ತಾನೆ. ಎಲೆಕೋಸನ್ನ ವಾರಗಟ್ಟಲೆ ಉಪ್ಪುನೀರಲ್ಲಿಟ್ಟು, ಎಲೆಯಲ್ಲಿ ಮಾಂಸ ಸುತ್ತಿ ಸುರುಳಿ ಮಾಡ್ಸೋಕೆ ಅವನಿಗೇನು ಗೊತ್ತು? ಪ್ಯಾಕೆಟ್ ಬಿಚ್ಚಿ ಹಂಚ್ತಾನೆ. ಅದಕ್ಕೇ ನನ್ನದು ನಾನೇ ಮಾಡಿಸ್ಕೋತೀನಿ, ಜೀವ ಇದ್ದಾಗ್ಲೇ. ನಮ್ಮತ್ತೆ ಮಾಡಿಸ್ಕೊಂಡಿರ್ಲಿಲ್ವಾ?"

ಬದುಕಿದ್ದಾಗಲೇ ತನ್ನ ತಿಥಿ ತಾನೇ ಮಾಡಿಸಿಕೊಳ್ಳುವ ಪದ್ಧತಿ ನಮ್ಮ ಕಡೆ ಹಳೆಯದು. ಈಚೆಗೆ ನಮ್ಮೂರಲ್ಲಿ ಯಾರೂ ಅದರ ಗೋಜಿಗೆ ಹೋಗಿರಲಿಲ್ಲ.

"ಮೇಜಿನ ತಲೆಕಡೆ ನಾನು ಕೂತಿರ್ಬೇಕು," ಅಂದಳು ಅಜ್ಜಿ. "ಯಾರು ಅಳ್ತಾರೆ, ಯಾರು ಬರೀ ತಿಂತಾರೆ, ನೋಡ್ಬೇಕು. ಈಸ್ಟರ್ ಕಳೆದ ಮೇಲೆ ಇಟ್ಕೋ. ಬರ್ಕೋ."

ಅತ್ತಿಗೆ ಒಲೆಯ ಪಕ್ಕದಿಂದ ಆ ಕಾಗದ ಎತ್ತಿ ತಂದು ಬರೆದುಕೊಂಡಳು. ಈ ಸಲ ಅಳಿಸಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪೆತ್ರು ಮಾವ ಬಂದ. ವೇತಾ ಅಜ್ಜಿಯದು ಎಷ್ಟು ಜನಕ್ಕೆ ಎಂದು ವಿಚಾರಿಸಿ, ತನ್ನದು ಅದಕ್ಕಿಂತ ದೊಡ್ಡದಾಗಬೇಕು, ಅಕಾರ್ಡಿಯನ್ ಬೇಕು ಅಂದ.

"ತಿಥಿಗೆ ಅಕಾರ್ಡಿಯನ್ನಾ ಮಾವ?"

"ಸತ್ತಿರೋನು ನಾನು, ನಾನು ಕುಣೀತೀನಿ. ನಿಂಗೇನು?"

ಶುಕ್ರವಾರ ಮೊದಲ ಬಸ್ಸಿಗೆ ನಾವಿಬ್ಬರೂ ಹೊರಟೆವು. ಬಸ್ಸಿನಲ್ಲಿ ಅತ್ತಿಗೆ ನಾಲ್ಕು ಸಲ ಸೀಟು ಬದಲಿಸಿದಳು. ಇಲಿಂಕಾ ಆ ಪುಟವನ್ನು ಎರಡು ಸಲ ಓದಿ ತಲೆ ಎತ್ತಿದಳು.

"ಗ್ರಾಹಕರು ತಮ್ಮ ತಿಥಿಗೆ ತಾವೇ ಬರ್ತಾರಾ?"

"ಬರದೆ ಇರ್ತಾರಾ ಮೇಡಂ? ಅವರೇ ಮುಂಗಡ ಕೊಟ್ಟವ್ರೆ. ಒಬ್ಬರದು ಕೋಳಿ."

ಹುಡುಗಿ ನಗು ತಡೆಯಲು ತುಟಿ ಕಚ್ಚಿಕೊಂಡಳು. ಆಮೇಲೆ ಯಾಕೋ ಕಿಟಕಿಯ ಕಡೆ ನೋಡುತ್ತ, "ನಮ್ಮಜ್ಜಿನೂ ಕೇಳ್ತಿದ್ರು. ನಾವೇ ಅಪಶಕುನ ಅಂತ ಬೇಡ ಅಂದ್ವಿ," ಎಂದಳು.

ಚಳಿಗಾಲವಿಡೀ ಉತ್ತರ ಬರಲಿಲ್ಲ. ಅಂಚೆಯವನ ಸೈಕಲ್ ಸದ್ದು ಕೇಳಿದರೆ ಅತ್ತಿಗೆ ಹಿಟ್ಟಿನ ಕೈಯಲ್ಲೇ ಗೇಟಿಗೆ ಓಡುತ್ತಿದ್ದಳು. ಮಂಜೂರಾಯಿತು ಎಂದು ತಿಳಿಯುವಾಗ ಮಾರ್ಚ್ ತಿಂಗಳು. ಒಲೆ ಕೊಟ್ಟರು, ಫ್ರಿಜ್ಜನ್ನು ಪಟ್ಟಿಯಿಂದ ಹೊಡೆದುಹಾಕಿದರು. ಅಷ್ಟಕ್ಕೇ ಶುರು ಮಾಡಿದೆವು.

ಈಸ್ಟರ್ ಕಳೆದ ಮೇಲೆ ವೇತಾ ಅಜ್ಜಿಯ ಊಟವಾಯಿತು. ಹೊಸ ತಲೆವಸ್ತ್ರ ಕಟ್ಟಿಕೊಂಡು, ಕೈಯಲ್ಲಿ ಉರಿಯುವ ಮೇಣದ ಬತ್ತಿ ಹಿಡಿದು ಮೇಜಿನ ತಲೆಕಡೆ ಕೂತಳು. ಪಾದ್ರಿ ಪ್ರಾರ್ಥನೆ ಹೇಳಿದ. ಬೇಯಿಸಿದ ಗೋಧಿಯ ಸಿಹಿ ಹಂಚಿದೆವು. ಸ್ಪೇನಿನಿಂದ ಮಗನೂ ಬಂದಿದ್ದ. ಸಾವಿಲ್ಲದೆ ತಾಯಿಯ ಮನೆಗೆ ಬಂದದ್ದು ಎಷ್ಟು ವರ್ಷದ ಮೇಲೋ. ಸಾರು ಬಾಯಿಗಿಟ್ಟು ಅವನು ಅತ್ತ. ಅಜ್ಜಿ ಅವನ ಬೆನ್ನು ಸವರುತ್ತ, "ಉಪ್ಪು ಸ್ವಲ್ಪ ಮುಂದಾಗಿದೆ, ಅದಕ್ಕೇ ಅಳ್ತಾನೆ," ಅಂದಳು.

ಅತ್ತಿಗೆ ಮಾತ್ರ ಅಡುಗೆಮನೆಗೂ ಮೇಜಿಗೂ ನಡುವೆ ಕಾಲು ಸುಟ್ಟವಳಂತೆ ತಿರುಗುತ್ತಲೇ ಇದ್ದಳು. ಅಜ್ಜಿ ಅವಳ ಏಪ್ರನ್ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿದಳು. ಎರಡು ತುತ್ತು ತಿಂದವಳೇ ಮತ್ತೆ ಎದ್ದಳು.

ಪೆತ್ರು ಮಾವ ಮಾತ್ರ ದಿನ ಮುಂದೂಡುತ್ತಲೇ ಬಂದ. ಮೊದಲು ಮೇ ಅಂದ, ಆಮೇಲೆ ದ್ರಾಕ್ಷಿ ಕೊಯ್ಲು ಆಗಲಿ ಅಂದ, ಈಗ ಹೊಸ ವೈನ್ ಇಳಿಯಲಿ ಅನ್ನುತ್ತಿದ್ದಾನೆ. ನಿನ್ನೆ ಅಂಗಡಿಯ ಮುಂದೆ ಅತ್ತಿಗೆ ತಾಳ್ಮೆ ಕಳೆದುಕೊಂಡಳು. ಸೊಂಟದ ಮೇಲೆ ಕೈಯಿಟ್ಟು, ಬೆಂಚಿಗೆಲ್ಲ ಕೇಳಿಸುವ ಹಾಗೆ ಕೂಗಿದಳು:

"ಯಾವತ್ತು ಅಂತ ಒಂದು ಹೇಳು ಮಾವ! ಎಲೆಕೋಸು ಉಪ್ಪುನೀರಿಗೆ ಹಾಕ್ಬೇಕು ನಾನು!"