ಸರ್ ಕೊಟ್ಟ ಮಸ್ಟ್ಯಾಂಗು

ಮದುವೆಯ ಊಟಕ್ಕೆ ಕೂತಾಗಲೇ ಮೈಥಿಲಿಗೆ ಗಂಡನ ಸ್ವಭಾವ ಅರ್ಥವಾಗಬೇಕಿತ್ತು. ಬಡಿಸುವವರು ಒತ್ತಾಯ ಮಾಡಿದರೆಂದು ಶ್ರೀಕಂಠ ಹೋಳಿಗೆಯ ಮೇಲೆ ಹೋಳಿಗೆ ಹಾಕಿಸಿಕೊಂಡು, ಕೈ ತೊಳೆಯುವ ನೆಪದಲ್ಲಿ ಛತ್ರದ ಹಿಂದಕ್ಕೆ ಹೋಗಿ ವಾಂತಿ ಮಾಡಿ ಬಂದಿದ್ದ. ಪಾಪ, ಎಷ್ಟು ಮೆತ್ತಗಿನ ಮನುಷ್ಯ ಎಂದು ಅವಳಿಗೆ ಆಗ ಮುದ್ದೇ ಬಂದಿತ್ತು. ಆ ಮೆತ್ತಗಿನತನ ಒಂದು ದಿನ ಎಂಟು ಸಿಲಿಂಡರಿನ ಎಂಜಿನ್ ಹೊತ್ತುಕೊಂಡು ಅಮೆರಿಕದ ಸಾಂಟಾ ಕ್ಲಾರಾದ ಅಪಾರ್ಟ್‌ಮೆಂಟಿನ ಮುಂದೆ ಗುಡುಗುಡು ಎನ್ನುತ್ತಾ ಬಂದು ನಿಲ್ಲುತ್ತದೆಂದು ಯಾರು ತಾನೇ ಎಣಿಸಿದ್ದರು?

ಅವರಿಗೆ ಬೇಕಿದ್ದದ್ದು ಸೆಕೆಂಡ್ ಹ್ಯಾಂಡಿನ ಚಿಕ್ಕ ಕಾರು. ನಾಲ್ಕು ಬಾಗಿಲು ಇರಬೇಕು, ಆಟೋಮ್ಯಾಟಿಕ್ ಇರಬೇಕು, ಅಷ್ಟೇ. ಮೈಥಿಲಿ ಮೈಸೂರಿನ ಪಿಯು ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದವಳು. ಇಲ್ಲಿ ಅವಳ ವೀಸಾ ಗಂಡನ ವೀಸಾದ ಬಾಲಕ್ಕೆ ಕಟ್ಟಿದ್ದು, ಓದಬಹುದು, ದುಡಿಯುವಂತಿಲ್ಲ. ಆದರೆ ಓದಿ ಪ್ರೋಗ್ರಾಮಿಂಗ್ ಕಲಿತರೆ ಯಾವುದಾದರೂ ಕಂಪನಿ ಅವಳ ಹೆಸರಿನಲ್ಲೇ ವೀಸಾ ಮಾಡಿಸುತ್ತಿತ್ತು. ತೊಂಬತ್ತೊಂಬತ್ತರ ಇಸವಿ ಅದು. ಜಾವಾ ಎಂದು ತೊದಲದೆ ಹೇಳಬಲ್ಲವರಿಗೆಲ್ಲ ಕೆಲಸ ಸಿಗುತ್ತಿದ್ದ ಕಾಲ. ಕಮ್ಯುನಿಟಿ ಕಾಲೇಜಿನಲ್ಲಿ ಸಂಜೆ ಕ್ಲಾಸು ನಡೆಯುತ್ತಿತ್ತು. ಹೋಗುವುದಕ್ಕೆ ಎರಡು ಬಸ್ಸು ಬದಲಾಯಿಸಿದರೆ ಆಯಿತು, ಕ್ಲಾಸು ಮುಗಿಸಿ ಬರುವ ಹೊತ್ತಿಗೆ ಬಸ್ಸೇ ಇರುತ್ತಿರಲಿಲ್ಲ. ಹಾಗಾಗಿ ಗಂಡಹೆಂಡತಿ ಕೂತು ಲೆಕ್ಕ ಹಾಕಿದ್ದರು. ಬೆಳಿಗ್ಗೆ ಅವನನ್ನು ಸ್ಯಾನ್ ಹೊಸೆಯ ಆಫೀಸಿಗೆ ಬಿಟ್ಟು ಕಾರು ಅವಳು ಇಟ್ಟುಕೊಳ್ಳುವುದು, ಸಂಜೆ ಕ್ಲಾಸು ಮುಗಿಸಿಕೊಂಡು ಅವನನ್ನು ಕರೆತರುವುದು. ಲೈಸೆನ್ಸನ್ನೂ ಅವಳು ಮೊದಲ ಪ್ರಯತ್ನಕ್ಕೇ ತೆಗೆದುಕೊಂಡಿದ್ದಳು. ಡ್ರೈವಿಂಗ್ ಸ್ಕೂಲಿನವರ ಬಿಳಿ ಕಾರಿನಲ್ಲಿ ಎಲ್ ಕಮಿನೋ ರಸ್ತೆಯ ಉದ್ದಕ್ಕೂ ಓಡಿಸಿದ ಆ ಬೆಳಿಗ್ಗೆ, ಅಮೆರಿಕಕ್ಕೆ ಬಂದಮೇಲೆ ಮೊದಲ ಸಲ ಅವಳಿಗೆ ತಾನೂ ಒಬ್ಬಳು ಮನುಷ್ಯಳು ಅನ್ನಿಸಿತ್ತು.

ಅಷ್ಟರಲ್ಲಿ ಶಿವರುದ್ರಪ್ಪನವರ ಕಣ್ಣು ಶ್ರೀಕಂಠನ ಮೇಲೆ ಬಿತ್ತು.

ಶಿವರುದ್ರಪ್ಪನವರು ಅವನ ಮ್ಯಾನೇಜರು. ಅರಸೀಕೆರೆ ಕಡೆಯವರು, ಎಪ್ಪತ್ತರ ಸುಮಾರಿಗೆ ಓದಲು ಬಂದು ಇಲ್ಲೇ ನೆಲೆನಿಂತವರು. ಶ್ರೀಕಂಠನ ಗ್ರೀನ್ ಕಾರ್ಡಿನ ಕಾಗದಪತ್ರವೆಲ್ಲ ಅವರ ಮೇಜಿನ ಮೇಲಿಂದಲೇ ಮುಂದಕ್ಕೆ ಹೋಗಬೇಕು. ಸ್ಯಾನ್ ಮಟಿಯೋದ ಗುಡ್ಡದ ಮೇಲಿದ್ದ ಅವರ ಮನೆಯ ಗ್ಯಾರೇಜಿನಲ್ಲಿ ಎಪ್ಪತ್ತೊಂದರ ಮಾಡೆಲ್ಲಿನ ಒಂದು ಮಸ್ಟ್ಯಾಂಗು ಕಾರು ಇತ್ತು. ಮೊದಲ ಕೆಲಸ ಸಿಕ್ಕಾಗ ಕೊಂಡದ್ದು. ಹಳದಿ ಬಣ್ಣ, ಹಾಸಿಗೆಯಷ್ಟು ಅಗಲದ ಬಾನೆಟ್ಟು, ಎರಡೇ ಬಾಗಿಲು. ಅವರ ಮಕ್ಕಳು ಅದರ ಹತ್ತಿರವೂ ಸುಳಿಯುತ್ತಿರಲಿಲ್ಲ. ಶ್ರೀಕಂಠ ಊಟಕ್ಕೆ ಹೋದಾಗಲೆಲ್ಲ ಮರ್ಯಾದೆಗೆ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಏನು ಗಾಡಿ ಸರ್!" ಎನ್ನುತ್ತಿದ್ದ. ಆ ಮಾತೇ ಅವನ ಕುತ್ತಿಗೆಗೆ ಬಂತು.

"ನೀನೇ ಇಟ್ಕೊಳ್ಳಯ್ಯಾ," ಎಂದರು ಶಿವರುದ್ರಪ್ಪ ಒಂದು ಭಾನುವಾರ. "ಹೊರಗಿನೋರಿಗೆ ಮಾರೋಕೆ ನಂಗೆ ಮನಸ್ಸಿಲ್ಲ. ನಮ್ಮೋರ ಮನೇಲಿ ದಿನಾ ಓಡಾಡ್ಕೊಂಡಿರ್ಲಿ. ನಿಲ್ಲಿಸಿಟ್ರೆ ಗಾಡಿ ಸತ್ತೋಗುತ್ತೆ."

"ಅಯ್ಯೋ ಸರ್, ನಿಮ್ಮ ಹತ್ರಾನೇ ಇದ್ರೆ ಚೆಂದ," ಎಂದ ಶ್ರೀಕಂಠ.

"ಸಂಕೋಚ ಪಟ್ಕೋಬೇಡ," ಎಂದು ಅವರು ಬೆನ್ನು ತಟ್ಟಿದರು. ಅಲ್ಲಿಗೆ ವ್ಯಾಪಾರ ಮುಗಿಯಿತು.

ಕೊಟ್ಟು ಕಳಿಸುವ ದಿನ ಅವರ ಹೆಂಡತಿ ಪದ್ಮಜಾ ಮುಂದಿನ ಸೀಟಿನ ಮೇಲೆ ಅಕ್ಕಿ, ಕೊಬ್ಬರಿ, ಬೆಲ್ಲ, ಒಂದು ರವಿಕೆ ಕಣ ಇಟ್ಟು ಮಡಿಲು ತುಂಬಿದರು. ಎಲ್ಲರೂ ನಕ್ಕರು. ಶಿವರುದ್ರಪ್ಪನವರು ಮಾತ್ರ ನಗಲಿಲ್ಲ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಇದು ತಮಾಷೆಯಲ್ಲ ಎಂದು ಮೈಥಿಲಿಗೆ ಆ ಕ್ಷಣವೇ ಗಾಬರಿಯಾಯಿತು.

ಮನೆಗೆ ಬಂದ ಮೊದಲ ಶನಿವಾರವೇ ಅವಳು ಓಡಿಸಿ ನೋಡಿದಳು. ಸೀಟು ಪೂರ್ತಿ ಮುಂದಕ್ಕೆ ಎಳೆದು, ಬೆನ್ನ ಹಿಂದೆ ಒಂದು ದಿಂಬು, ಕೆಳಗೆ ಒಂದು ದಿಂಬು ಇಟ್ಟುಕೊಂಡರೂ ಬಾನೆಟ್ಟಿನ ಆಚೆ ಏನಿದೆ ಎಂದು ಕಾಣಿಸಲಿಲ್ಲ. ಕ್ಲಚ್ಚು ಒತ್ತಲು ಕಾಲಿನ ಬಲ ಸಾಲದೆ ಸೊಂಟದಿಂದ ತಳ್ಳಬೇಕಾಯಿತು. ಸ್ಟಿಯರಿಂಗು ರುಬ್ಬುವ ಗುಂಡಿಗಿಂತ ಭಾರ. ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗ ದಾಟುವಷ್ಟರಲ್ಲಿ ಗಾಡಿ ನಾಲ್ಕಾರು ಸಲ ಕೆಮ್ಮಿ ನಿಂತಿತು, ಬಾಲ್ಕನಿಗಳಲ್ಲಿ ಜನ ಬಂದು ನಿಂತರು. ಕಸದ ಡಬ್ಬಕ್ಕೆ ಗುದ್ದುವುದು ಒಂದು ಕೂದಲೆಳೆಯಲ್ಲಿ ತಪ್ಪಿತು. ಇನ್ನೆರಡು ವಾರ ಹಟ ಹಿಡಿದು ಪ್ರಯತ್ನಿಸಿ, ಒಂದು ಸಂಜೆ ಸಿಗ್ನಲ್ಲಿನಲ್ಲಿ ಗಾಡಿ ನಿಂತುಹೋಗಿ ಹಿಂದಿನವರೆಲ್ಲ ಹಾರ್ನು ಬಾರಿಸಿ ಬೈದಮೇಲೆ ಅವಳು ಕೀಲಿಕೈ ಗಂಡನ ಕೈಗೆ ಕೊಟ್ಟುಬಿಟ್ಟಳು.

ಅಲ್ಲಿಂದ ಮುಂದೆ ಅವಳ ಅಮೆರಿಕ ಅಂದರೆ ಎರಡು ಕೋಣೆ, ಒಂದು ಕಿಟಕಿ. ಕಿಟಕಿಯ ಆಚೆ ಕಾರು ನಿಲ್ಲುವ ಜಾಗ, ಹಗಲೆಲ್ಲ ಖಾಲಿ, ನೆಲದ ಮೇಲೆ ಎಣ್ಣೆಯ ಕಲೆ. ಅಡುಗೆ ಬೆಳಿಗ್ಗೆ ಒಂಬತ್ತಕ್ಕೇ ಮುಗಿದು ಹೋಗುತ್ತಿತ್ತು. ಆಮೇಲೆ ಒರೆಸಿದ ಮೇಜನ್ನೇ ಒರೆಸುತ್ತಿದ್ದಳು. ಲೈಬ್ರರಿಯಿಂದ ಗಂಡ ತಂದುಕೊಟ್ಟ ಜಾವಾ ಪುಸ್ತಕವನ್ನು ಎರಡು ಸಲ ಓದಿದಳು, ಮನೆಯಲ್ಲಿ ಕಂಪ್ಯೂಟರು ಇಲ್ಲದೆ ಕೋಡನ್ನು ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದಳು. ತರಗತಿಯಲ್ಲಿ ಐವತ್ತು ಹುಡುಗರನ್ನು ಒಂದು ನೋಟದಲ್ಲಿ ಸುಮ್ಮನಾಗಿಸುತ್ತಿದ್ದವಳು ಈಗ ಕೊತ್ತಂಬರಿ ಸೊಪ್ಪು ಬೇಕೆಂದರೆ ಗಂಡನ ದಾರಿ ಕಾಯಬೇಕು. ಅವನು ರಾತ್ರಿ ಬಂದರೆ ಅಂಗಿಯಲ್ಲೆಲ್ಲ ಪೆಟ್ರೋಲಿನ ವಾಸನೆ, ಟ್ರಾಫಿಕ್ಕಿನಲ್ಲಿ ಕ್ಲಚ್ಚು ಒತ್ತಿ ಒತ್ತಿ ಎಡಗಾಲು ನೋವು. ಅವನಿಗೂ ಸುಖವಿರಲಿಲ್ಲ, ಅದೇ ಅವಳಿಗೆ ಹೆಚ್ಚು ಸಿಟ್ಟು ತರಿಸುತ್ತಿದ್ದದ್ದು. ಸುಖವಾದರೂ ಪಟ್ಟಿದ್ದರೆ ಜಗಳಕ್ಕೆ ಒಂದು ಅರ್ಥವಿರುತ್ತಿತ್ತು.

"ಇದನ್ನ ಮಾರಿಬಿಡೋಣ ರೀ."

"ಹ್ಯಾಗೆ ಮಾರೋದು ಕಣೇ? ಅವರು ಆಫೀಸಲ್ಲಿ ದಿನಾ ಕೇಳ್ತಾರೆ, ಹೇಗಿದಾಳೆ ನಮ್ಮ ಹುಡುಗಿ ಅಂತ."

"ಹಾಗಾದ್ರೆ ನನಗೊಂದು ಸಣ್ಣದು ತಗೊಳ್ಳಿ."

"ಇನ್ನೊಂದು ತಗೊಂಡ್ರೆ ಇದು ಸರಿಯಿಲ್ಲ ಅಂದ ಹಾಗಾಗಲ್ವಾ? ಅವರಿಗೆ ಬೇಜಾರಾಗುತ್ತೆ. ಗ್ರೀನ್ ಕಾರ್ಡು ಬೇರೆ ಅವರ ಕೈಯಲ್ಲಿದೆ."

ಶಿವರುದ್ರಪ್ಪನವರು ಒಂದು ದಿನವೂ ಗ್ರೀನ್ ಕಾರ್ಡಿನ ಮಾತೆತ್ತಿ ಹೆದರಿಸಿದವರಲ್ಲ. ಹೆದರುವ ಕೆಲಸವನ್ನೆಲ್ಲ ಶ್ರೀಕಂಠನೇ ಮಾಡಿಕೊಳ್ಳುತ್ತಿದ್ದ. ಭಾನುವಾರ ಬಂತೆಂದರೆ ಮಸ್ಟ್ಯಾಂಗು ಸ್ಯಾನ್ ಮಟಿಯೋದ ತನ್ನ ತವರಿಗೆ ಹೋಗಬೇಕು. ಅಲ್ಲಿ ಅದಕ್ಕೆ ಸ್ನಾನ, ಪಾಲಿಶು, ಶಿವರುದ್ರಪ್ಪನವರ ಕೈಯಲ್ಲಿ ಬೆಟ್ಟದ ದಾರಿಯಲ್ಲಿ ಒಂದು ಸುತ್ತು. ಮೈಥಿಲಿ ತನ್ನ ತವರನ್ನು ನೋಡಿ ಮೂರನೆಯ ವರ್ಷ ನಡೆಯುತ್ತಿತ್ತು. ಕಾರಿನ ಭಾಗ್ಯ ನೋಡಿ ಹೊಟ್ಟೆ ಉರಿದುಕೊಳ್ಳುವ ಗತಿ ಅವಳಿಗೆ ಬಂದಿತ್ತು.

ಹೀಗೆ ಎರಡು ಕ್ಲಾಸು ಕೈತಪ್ಪಿದವು. ಯುಗಾದಿಯ ಹೊತ್ತಿಗೆ ಮೂರನೆಯದು ಶುರುವಾಗುವುದರಲ್ಲಿತ್ತು, ಆ ವಾರವೇ ಹೆಸರು ಕೊಡಬೇಕು. ಯುಗಾದಿಯ ಊಟವನ್ನು ಶಿವರುದ್ರಪ್ಪನವರು ಭಾನುವಾರಕ್ಕೆ ಇಟ್ಟುಕೊಂಡಿದ್ದರು. ಹೋಗುವ ದಾರಿಯಲ್ಲಿ, ಫ್ರೀವೇ ಮೇಲೆ, ಎಂಜಿನ್ನಿನ ಗದ್ದಲದ ಮೇಲೆ ಕಿರುಚಿಕೊಂಡೇ ಮೈಥಿಲಿ ಗಂಡನಿಂದ ಮಾತು ತೆಗೆದುಕೊಂಡಳು. ಇವತ್ತು ಹೇಳಲೇಬೇಕು.

"ಹೇಳ್ತೀನಿ. ದೇವರಾಣೆ ಹೇಳ್ತೀನಿ."

"ನೀವು ಹೇಳದಿದ್ರೆ ನಾನು ಹುಚ್ಚಿ ಆಗ್ತೀನಿ ರೀ. ಸುಮ್ಮನೆ ಹೇಳ್ತಿಲ್ಲ," ಎಂದಳು ಅವಳು. ಅವನು ತಲೆಯಾಡಿಸಿದ.

ಊಟಕ್ಕೆ ಇನ್ನೊಂದು ಜೋಡಿಯೂ ಬಂದಿತ್ತು. ಅಭಿರಾಮ್ ಎಂಬ ಹೊಸ ಹುಡುಗ, ಶಿವರುದ್ರಪ್ಪನವರ ತಂಡಕ್ಕೆ ಆಗಷ್ಟೇ ಸೇರಿದವನು, ಮತ್ತು ಊರಿಂದ ಬಂದು ತಿಂಗಳೂ ತುಂಬದ ಅವನ ಹೆಂಡತಿ ಹಂಸಾ. ಹಂಸಾಳಿಗೆ ಎಲ್ಲವೂ ಸೋಜಿಗ. ನಲ್ಲಿಯ ಬಿಸಿನೀರು, ಗುಡ್ಡದ ಮೇಲಿಂದ ಕಾಣುವ ಕೊಲ್ಲಿಯ ನೀರು, ಎಲ್ಲಕ್ಕೂ ಕಣ್ಣರಳಿಸುತ್ತಿದ್ದಳು. ಮೈಥಿಲಿಗೆ ಅವಳನ್ನು ಕಂಡರೆ ಇಷ್ಟವಾಯಿತು, ತನ್ನ ಮೊದಲ ತಿಂಗಳು ನೆನಪಾಗಿ ಒಂದಿಷ್ಟು ಮರುಕವೂ ಆಯಿತು.

ಬೇವುಬೆಲ್ಲ ಆಯಿತು, ಹೋಳಿಗೆ ಊಟ ಆಯಿತು, ಗಂಡಸರು ಶೇರು ಮಾರ್ಕೆಟ್ಟಿನ ಮಾತಾಡುತ್ತಾ ಕಾರಿನ ಹತ್ತಿರ ಹೋದರು. ಮೈಥಿಲಿ ಪಾತ್ರೆ ತೆಗೆಯುತ್ತಾ ಕಿವಿಯೆಲ್ಲ ಹೊರಗಿಟ್ಟುಕೊಂಡಿದ್ದಳು. ಸ್ವಲ್ಪ ಹೊತ್ತಿಗೆ ಶ್ರೀಕಂಠ ನೀರು ಕುಡಿಯಲು ಒಳಗೆ ಬಂದ. ಅವನ ಮುಖ ನೋಡಿದಾಗಲೇ ಅವಳಿಗೆ ಗೊತ್ತಾಯಿತು.

"ಹೇಳಿದ್ರಾ?"

"ಹೇಳೋಣ ಅಂತಿದ್ದೆ ಕಣೇ. ಅಷ್ಟರಲ್ಲಿ ಅವರೇ ಸೀಟು ಹರಿದಿದೆ, ಹೊಸ ಲೆದರ್ ಹಾಕಿಸೋಣ ಅಂದ್ರು. ಅರ್ಧ ಖರ್ಚು ಅವರೇ ಕೊಡ್ತಾರಂತೆ." ಅವನು ಲೋಟ ಕೆಳಗಿಟ್ಟು, ಅವಳ ಕಡೆ ನೋಡದೆ ಹೊರಗೆ ಹೋದ.

ಮೈಥಿಲಿ ಸಿಂಕಿನ ಅಂಚು ಹಿಡಿದು ನಿಂತುಬಿಟ್ಟಳು. ಹಿಂದೆ ಪದ್ಮಜಾ ವೀಳ್ಯದೆಲೆ ಒರೆಸುತ್ತಾ ಕೂತಿದ್ದರು. ಗಂಡ ಹೇಳದಿದ್ದರೆ ತಾನೇ ಹೇಳಿಬಿಡಬೇಕು ಎಂದು ಅವಳು ತಿರುಗಿದಳು.

"ಪದ್ಮಜಕ್ಕಾ, ಆ ಕಾರು ನಮಗೆ ಬೇಡ. ನನ್ನ ಕೈಲಿ ಓಡಿಸೋಕೆ ಆಗಲ್ಲ. ಇನ್ನು ಆ ಮನೇಲಿ ಕೂತಿರೋಕೂ ಆಗಲ್ಲ."

ಪದ್ಮಜಾ ಗಾಬರಿಯಾಗಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. ಎಲೆಯ ತೊಟ್ಟು ಮುರಿಯುತ್ತಾ ಹೇಳಿದರು:

"ನಾನು ಎಪ್ಪತ್ತಾರರಲ್ಲಿ ಬಂದೆ ಕಣಮ್ಮ. ಆವಾಗ ಮನೇಲಿದ್ದಿದ್ದು ಅದೊಂದೇ. ಓಡಿಸೋಕೆ ಹೋಗಿ ಈ ಗುಡ್ಡದ ಮೇಲೆ ಹಿಂದಕ್ಕೆ ಜಾರಿ ಪಕ್ಕದೋರ ಬೇಲಿ ಮುರಿದೆ. ಆಮೇಲೆ ಇವರು ಕೀ ಮುಟ್ಟೋಕೆ ಬಿಡ್ಲಿಲ್ಲ. ಇನ್ನೊಂದು ಕಾರು ತಗೊಳ್ಳಿ ಅಂದ್ರೆ, ಇದಿದ್ಯಲ್ಲ, ಸಾಲ್ದಾ ಅನ್ನೋರು. ನನ್ನ ದೊಡ್ಡ ಮಗ ಲೈಸೆನ್ಸ್ ತಗೊಳ್ಳೋವರೆಗೂ ಮೊಸರಿಗೂ ಇವರ ದಾರಿನೇ ಕಾಯ್ತಿದ್ದೆ. ನಾನು ಬಿಎಸ್ಸಿ ಮಾಡಿದೋಳು ಅಂತ ನಂಗೇ ಮರೆತೋಗಿತ್ತು."

"ಮತ್ತೆ ಮಾರಿಸಲಿಲ್ಲ ಯಾಕೆ?"

"ಹೊರಗಿನೋರಿಗೆ ಕೊಡಲ್ಲ ಅಂತ ಹಟ. ನಮ್ಮೋರೇ ಆಗ್ಬೇಕು, ಕೊಂಡಮೇಲೂ ವಾರವಾರ ತಂದು ತೋರಿಸೋರಾಗ್ಬೇಕು. ದೀಪಾವಳಿಗೆ ನಿನ್ನ ಗಂಡ ಬಂದಿದ್ದಾಗ ನೋಡ್ದೆ. ಬೇಡ ಅನ್ನೋಕೆ ಬಾಯೇ ಬರಲ್ಲ ಅವನಿಗೆ. ಅವನಿಗೆ ಕೊಡಿ ಅಂತ ನಾನೇ ಇವರ ಕಿವೀಲಿ ಹಾಕ್ದೆ."

"ಮನೇಲಿ ನಾನೊಬ್ಬಳು ಇದ್ದೀನಿ ಅಂತ ನಿಮಗೆ ಗೊತ್ತಿತ್ತು," ಎಂದಳು ಮೈಥಿಲಿ.

"ಗೊತ್ತಿತ್ತು," ಎಂದರು ಪದ್ಮಜಾ. ಅವರ ಕೈ ನಿಂತಿತು. "ಆದ್ರೂ ಹೇಳ್ದೆ. ಇಪ್ಪತ್ಮೂರು ವರ್ಷ ಆಗಿತ್ತು ಮೈಥಿಲಿ."

ಆ ಹೆಂಗಸಿನ ಕೆನ್ನೆಗೆ ಒಂದು ಬಾರಿಸಬೇಕು ಅನ್ನಿಸಿತು ಮೈಥಿಲಿಗೆ. ಅವರ ಮಡಿಲಲ್ಲಿ ತಲೆಯಿಟ್ಟು ಅಳಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡದೆ ನಿಂತಿದ್ದವಳಿಗೆ ಪದ್ಮಜಾ ಗಲ್ಲ ಎತ್ತಿ ಕಿಟಕಿಯ ಹೊರಗೆ ತೋರಿಸಿದರು. ಅಲ್ಲಿ ಅಭಿರಾಮ್ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ಮಸ್ಟ್ಯಾಂಗಿನ ಸುತ್ತ ನಿಧಾನವಾಗಿ ಒಂದು ಸುತ್ತು ಬರುತ್ತಿದ್ದ. ಶಿವರುದ್ರಪ್ಪನವರು ಹೇಳಿದ್ದಕ್ಕೆಲ್ಲ ಹೌದು ಹೌದು ಎಂದು ತಲೆಯಾಡಿಸುತ್ತಿದ್ದ.

"ಅವನೂ ಕಾರು ಹುಡುಕ್ತಿದಾನಂತೆ. ಎಲೆ ಮೇಲೆ ನಾನು ಹಾಕಿದ್ದೆಲ್ಲ ತಿಂದ, ನೋಡಿದ್ಯಾ? ಸಾಕು ಅನ್ನಲಿಲ್ಲ. ನಿಮ್ಮನೇಲಿ ಮಗು ಆಗೋದಿದೆ, ಎರಡು ಬಾಗಿಲಿನ ಗಾಡಿ ಆಗಿಬರಲ್ಲ ಅಂತ ಇವರಿಗೊಂದು ನೆಪ ನಾನು ಹೇಳ್ತೀನಿ. ನೀನು ಆ ಹುಡುಗನಿಗೆ ಒಂದು ಮಾತು ಹೇಳು ಸಾಕು."

"ಆ ಹುಡುಗಿ ಬಂದು ಒಂದು ತಿಂಗಳೂ ಆಗಿಲ್ಲ ಪದ್ಮಜಕ್ಕ."

"ಅದಕ್ಕೇ," ಎಂದರು ಪದ್ಮಜಾ. "ಇನ್ನೂ ಏನೂ ಗೊತ್ತಿಲ್ಲ ಅವಳಿಗೆ."

ಮೈಥಿಲಿ ಸೆರಗಿನಲ್ಲಿ ಕೈ ಒರೆಸಿಕೊಂಡು ಹೊರಗೆ ಬಂದಳು. ಬಿಸಿಲು ಕಣ್ಣಿಗೆ ಹೊಡೆಯಿತು. ಹಾಗೇ ಹೋಗಿ ಗಂಡನ ಪಕ್ಕ ಸುಮ್ಮನೆ ನಿಂತುಕೊಳ್ಳುತ್ತೇನೆ, ಬಾಯೇ ಬಿಡುವುದಿಲ್ಲ ಎಂದುಕೊಂಡೇ ಬಂದಿದ್ದಳು. ಆದರೆ ಸಂಜೆಯ ಕ್ಲಾಸು, ಕಪ್ಪು ಹಲಗೆ, ಮುಂದಿನ ಬೆಂಚಿನಲ್ಲಿ ತಾನು, ಎಲ್ಲ ಕಣ್ಣಿಗೆ ಕಟ್ಟಿದ ಹಾಗೆ ಕಂಡುಬಿಟ್ಟವು.

"ಒಂದು ರೌಂಡು ಓಡಿಸಿ ನೋಡಿ ಅಭಿರಾಮ್," ಎಂದು ತನ್ನದೇ ಧ್ವನಿ ಅವಳಿಗೆ ಕೇಳಿಸಿತು. "ನಮಗಂತೂ ಇನ್ಮೇಲೆ ಚಿಕ್ಕದಾಗುತ್ತೆ. ಸರ್‌ಗೂ ನಮ್ಮೋರಿಗೇ ಹೋಗ್ಲಿ ಅಂತ ಆಸೆ."

ಶ್ರೀಕಂಠ ಬೆಚ್ಚಿಬಿದ್ದು ಹೆಂಡತಿಯನ್ನು ನೋಡಿದ. ಶಿವರುದ್ರಪ್ಪನವರು ಅವಳನ್ನು ನೋಡಿ, ಅಭಿರಾಮನನ್ನು ನೋಡಿ, "ಚಿಕ್ಕದಾಗುತ್ತೆ ಅಂದ್ರೆ... ಓ!" ಎಂದು ಮುಖವರಳಿಸಿದರು. "ಹೌದೇನಯ್ಯಾ ಶ್ರೀಕಂಠ, ಹೇಳೋದಲ್ವಾ!" ಶ್ರೀಕಂಠ ಹೌದು ಎನ್ನುವಂತೆಯೂ ಅಲ್ಲ, ಇಲ್ಲ ಎನ್ನುವಂತೆಯೂ ಅಲ್ಲದೆ ನಕ್ಕ. ಶಿವರುದ್ರಪ್ಪನವರು ಅಭಿರಾಮನ ಬೆನ್ನ ಮೇಲೆ ಕೈಯಿಟ್ಟರು. "ಅಯ್ಯೋ, ಇಷ್ಟು ಒಳ್ಳೆ ಗಾಡಿ, ನನಗ್ಯಾಕೆ ಸರ್," ಎಂದ ಅಭಿರಾಮ್. ಅಷ್ಟು ಹೊತ್ತಿಗೆ ಕೀಲಿಕೈ ಅವನ ಅಂಗೈಯಲ್ಲಿತ್ತು.

ಹಂಸಾ ಮೆಟ್ಟಿಲಿಳಿದು ಓಡಿ ಬಂದು ಮೈಥಿಲಿಯ ತೋಳು ಹಿಡಿದುಕೊಂಡಳು. ಊರಲ್ಲಿ ಕೈನೆಟಿಕ್ ಸ್ಕೂಟರ್ ಓಡಿಸುತ್ತಿದ್ದಳಂತೆ, ಕಾಲೇಜಿಗೆ, ಮಾರ್ಕೆಟ್ಟಿಗೆ, ಅಮ್ಮನನ್ನು ಹಿಂದೆ ಕೂರಿಸಿಕೊಂಡು ದೇವಸ್ಥಾನಕ್ಕೆ. ಇಲ್ಲಿ ಬಂದಮೇಲೆ ಕೈಕಾಲು ಕಟ್ಟಿಹಾಕಿದ ಹಾಗಾಗಿದೆ ಅಂದಳು. ಅವಳು ಮೈಥಿಲಿಗಿಂತ ಒಂದು ಗೇಣು ಕುಳ್ಳಿ.

"ಅಕ್ಕಾ, ನನಗೂ ಓಡಿಸೋಕೆ ಆಗುತ್ತಾ ಇದು?"

ಎಷ್ಟೊಂದು ನಂಬಿಕೆಯಿಂದ ಕೇಳಿದಳು. ಇಲ್ಲ ಅಂದುಬಿಡು, ಇಲ್ಲ ಅನ್ನುವುದು ಎಷ್ಟರ ಮಾತು, ಎಂದು ಮೈಥಿಲಿಯ ಮನಸ್ಸು ಬಡಿದುಕೊಂಡಿತು. ಗಂಡನನ್ನು ಇಷ್ಟು ದಿನ ಯಾವ ಮಾತು ಆಡದ್ದಕ್ಕೆ ಬೈದಿದ್ದಳೋ ಅದೇ ಮಾತು ಅವಳ ನಾಲಿಗೆಯ ಮೇಲೂ ಬರದೆ ಹೋಯಿತು.

"ಆಗುತ್ತೆ ಕಣೇ, ಏನೂ ಕಷ್ಟ ಇಲ್ಲ," ಎಂದಳು ಮೈಥಿಲಿ, ಕೊಲ್ಲಿಯ ಕಡೆ ನೋಡುತ್ತಾ.

ಹಂಸಾ ಅದನ್ನು ಗಂಡನಿಗೆ ಹೇಳಲು ಓಡಿದಳು.